ಹಾಜಿಯ ಗೋಡೆ, ನಮ್ಮ ಮೊಳೆ

ಕೆಲವರ ಮನೆಗೆ ವಾರಕ್ಕೊಮ್ಮೆ ನೆಂಟರು ಬರುತ್ತಾರೆ. ನಮ್ಮ ಮನೆಗೆ ಬರುವುದು ರಿಪೇರಿ. ಒಂದು ವಾರ ನಲ್ಲಿ, ಒಂದು ವಾರ ಬಾಗಿಲು, ಎರಡೂ ನೆಟ್ಟಗಿದ್ದರೆ ಎಸಿ. ಬಹರೈನಿಗೆ ಬಂದ ಮೇಲೆ ಆಸ್ಪತ್ರೆಯಲ್ಲಿ ನೋಡಿದಷ್ಟೇ ಕಾಯಿಲೆಗಳನ್ನು ನಾನು ಮನೆಯಲ್ಲೂ ನೋಡಿದ್ದೇನೆ. ಆಸ್ಪತ್ರೆಯಲ್ಲಿ ರೋಗಿಗಳಾದರೂ ಗುಣವಾಗಿ ಹೋಗುತ್ತಿದ್ದರು ಮಾರಾಯ್ರೇ, ನಮ್ಮ ಬಾತ್‌ರೂಮಿನ ನಲ್ಲಿ ಮಾತ್ರ ಇವತ್ತಿಗೂ ಗುಣವಾಗಲಿಲ್ಲ.

ನಾನು ನರ್ಸು. ನಮ್ಮವರು ಇಲ್ಲಿಯ ಒಂದು ಹೋಟೆಲಿನ ಬೇಕರಿಯಲ್ಲಿ ಬ್ರೆಡ್ಡು, ಕೇಕು ಮಾಡುವವರು. ಇಬ್ಬರ ಊರೂ ಉಡುಪಿ ಕಡೆ, ಇಬ್ಬರದ್ದೂ ಒಂದೇ ಇಗರ್ಜಿ. ಮದುವೆಯಾಗಿ ಬಂದ ಹೊಸದರಲ್ಲಿ ಸೆಗಯಾದಲ್ಲಿ ಒಂದೇ ಒಂದು ರೂಮು, ಅಡುಗೆಮನೆ ಇನ್ನೆರಡು ಸಂಸಾರದ ಜೊತೆ ಪಾಲು. ಮಗಳು ಹುಟ್ಟುವ ಸಮಯಕ್ಕೆ ಜುಫೇರಿನಲ್ಲಿ ಮೂರನೇ ಮಾಳಿಗೆಯ ಈ ಫ್ಲಾಟು ಬಾಡಿಗೆಗೆ ಸಿಕ್ಕಿತು. ಓನರ್ ಒಬ್ಬರು ಬಹರೈನಿ ಅಜ್ಜ. ಹಜ್ ಮಾಡಿ ಬಂದವರಾದ್ದರಿಂದ ಬಿಲ್ಡಿಂಗಿನವರಿಗೆಲ್ಲ ಅವರು ಹಾಜಿ. ಅವರ ಮನೆ ಅದೇ ಬಿಲ್ಡಿಂಗಿನ ಮೊದಲನೇ ಮಾಳಿಗೆಯಲ್ಲಿ. ಅವರದ್ದು ಅರಬ್ಬಿ ಬೆರೆತ ಹಿಂದಿ, ನಮ್ಮದು ಕನ್ನಡ ಬೆರೆತ ಹಿಂದಿ. ಇಬ್ಬರಿಗೂ ಸರಿಯಾಗಿ ಬಾರದ ಭಾಷೆಯಲ್ಲಿ ಹದಿನೆಂಟು ವರ್ಷ ಮಾತಾಡಿದೆವು. ಒಮ್ಮೆಯೂ ಮಾತು ಮುರಿಯಲಿಲ್ಲ. ಅವರ ಹಿಂದಿಯನ್ನು ನಾನು ನನ್ನ ಕನ್ನಡದಲ್ಲಿ ಹೇಳುತ್ತೇನೆ, ಹಾಗೇ ಕೇಳಿ.

ಬೀಗದ ಕೈ ಕೊಟ್ಟ ದಿನ ಹಾಜಿ ಹೇಳಿದ್ದು ಒಂದೇ ಮಾತು. "ಸಿಸ್ಟರ್, ಗೋಡೆಗೆ ಮೊಳೆ ಹೊಡೆಯುವುದು ಇಲ್ಲ."

ಆಗ ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಯೇಸುವಿನ ಪವಿತ್ರ ಹೃದಯದ ದೊಡ್ಡ ಪಟ ಒಂದು ಮಲಗಿತ್ತು. ಮದುವೆಗೆ ಅಮ್ಮ ಕೊಟ್ಟದ್ದು. ನಮ್ಮಲ್ಲಿ ಹೊಸ ಮನೆಗೆ ಹೋದರೆ ಮೊದಲು ಗೋಡೆಗೆ ಏರುವುದೇ ಅದು, ಆಮೇಲೆ ಉಳಿದ ಸಾಮಾನು. ಅಮ್ಮ ಕೊಡುವಾಗ ಹೇಳಿದ್ದರು, "ಇದನ್ನು ನಿನ್ನ ಮನೆಯ ಗೋಡೆಯಲ್ಲಿ ಒಮ್ಮೆ ನೋಡಬೇಕು ನಾನು." ಸೆಗಯಾದ ರೂಮಿನಲ್ಲಿ ಗೋಡೆಯೇ ಇರಲಿಲ್ಲ, ಮೂರು ಬದಿಗೂ ಕಪಾಟು. ಇಲ್ಲಿ ಗೋಡೆ ಉಂಟು, ಮೊಳೆ ಇಲ್ಲ. ಪಟ ಹೋಗಿ ಫ್ರಿಜ್ಜಿನ ಮೇಲೆ ಕುಳಿತಿತು.

ಹಾಜಿಯ ಬಂದೂಕು

ಹಾಜಿಗೆ ಪ್ಲಂಬರು, ಎಲೆಕ್ಟ್ರಿಷಿಯನ್ನು ಇವರ ಮೇಲೆಲ್ಲ ನಂಬಿಕೆ ಇರಲಿಲ್ಲ. "ಅವರು ಒಂದು ಸರಿ ಮಾಡಿ ಎರಡು ಹಾಳು ಮಾಡ್ತಾರೆ" ಎನ್ನುತ್ತಿದ್ದರು. ಅದಕ್ಕೇ ಎಲ್ಲವನ್ನೂ ಅವರೇ ಸರಿ ಮಾಡುತ್ತಿದ್ದರು, ಒಂದು ಸರಿ ಮಾಡಿ ಮೂರು ಹಾಳು ಮಾಡುತ್ತಿದ್ದರು. ಬಾತ್‌ರೂಮಿನ ನಲ್ಲಿ ಬಿಗಿ ಮಾಡಿ ಹೋದರೆ ಲೈಟು ಹೊತ್ತುತ್ತಿರಲಿಲ್ಲ. ಲೈಟು ಸರಿ ಮಾಡಿದರೆ ಬಾಗಿಲ ಚಿಲಕ ಕೈಗೆ ಬರುತ್ತಿತ್ತು.

ಅವರ ಚೀಲದಲ್ಲಿ ಒಂದು ಸ್ಪ್ಯಾನರ್, ಒಂದು ಸುತ್ತು ತಂತಿ, ಮತ್ತೆ ಸಿಲಿಕಾನ್ ತುಂಬಿದ ಗನ್ನು. ಬಿರುಕಿಗೆ, ಸಂದಿಗೆಲ್ಲ ಬೆಳ್ಳಗೆ ಮುಲಾಮಿನ ಹಾಗೆ ಹಚ್ಚಿ ಮುಚ್ಚುತ್ತಾರಲ್ಲ, ಅದು. ಸಿಂಕು ಸೋರಿದರೆ ಸಿಲಿಕಾನ್. ಟೈಲ್ಸ್ ಎದ್ದರೆ ಸಿಲಿಕಾನ್. ಒಮ್ಮೆ ಧೂಳಿನ ಗಾಳಿ ಬಂದು ಅಡುಗೆಮನೆಯೆಲ್ಲ ಮರಳಾಯಿತು ಅಂತ ದೂರು ಹೇಳಿದೆ ನೋಡಿ, ಹಾಜಿ ಬಂದು ಕಿಟಕಿಯ ನಾಲ್ಕೂ ಬದಿಗೆ ಸಿಲಿಕಾನ್ ಹೊಡೆದು, "ಖಲಾಸ್ ಸಿಸ್ಟರ್, ಇನ್ನು ಒಂದು ಕಣವೂ ಬರುವುದಿಲ್ಲ" ಎಂದರು. ಹೌದು, ಬರಲಿಲ್ಲ. ಬಂಗುಡೆ ಹುರಿದ ಹೊಗೆ ಹೊರಗೆ ಹೋಗಲೂ ಇಲ್ಲ. ಆ ಕಿಟಕಿ ಇವತ್ತಿನ ತನಕ ತೆರೆದಿಲ್ಲ.

ಒಂದು ಶುಕ್ರವಾರ ನಮ್ಮವರು ತಾಳಲಾರದೆ ತಾವೇ ನಲ್ಲಿ ಬಿಚ್ಚಲು ಕುಳಿತರು. ಬಾಗಿಲು ಹಾಕಲು ಮರೆತಿದ್ದೆವು. ಮೆಟ್ಟಿಲು ಹತ್ತಿ ಟೆರೇಸಿಗೆ ಹೊರಟಿದ್ದ ಹಾಜಿಗೆ ಸದ್ದು ಕೇಳಿತು. ಒಳಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಸದೀಕ್," ಎಂದರು. ಗೆಳೆಯ ಅಂತ ಅರ್ಥ, ಆದರೆ ಆವತ್ತು ಹಾಗೆ ಕೇಳಲಿಲ್ಲ. "ಈ ಮನೆ ಯಾರದು?"

"ನಿಮ್ಮದು ಹಾಜಿ."

"ಜವಾಬ್ದಾರಿ ಯಾರದು?"

"ನಿಮ್ಮದೇ ಹಾಜಿ."

"ಮತ್ತೆ ಸ್ಪ್ಯಾನರ್ ನಿನ್ನ ಕೈಯಲ್ಲಿ ಎಂತ ಮಾಡ್ತಾ ಉಂಟು?"

ನಮ್ಮವರು ಸ್ಪ್ಯಾನರ್ ಕೊಟ್ಟುಬಿಟ್ಟರು. ಹಾಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಚೆನ್ನಾಗಿ ಉಂಟು ಎಂದು ತಮ್ಮ ಚೀಲಕ್ಕೆ ಹಾಕಿಕೊಂಡು ಹೋದರು. ಅದು ನಮ್ಮದೇ ಸ್ಪ್ಯಾನರು.

ಫ್ರಿಜ್ಜಿನ ಮುಂದೆ ಪ್ರಾರ್ಥನೆ

ನಮ್ಮದು ನಿಯಮಕ್ಕೆ ಹೆದರುವ ಜಾತಿ. ಆಸ್ಪತ್ರೆಯಲ್ಲಿ ಶೂ ಬಿಡಿ ಅಂತ ಬರೆದಿದ್ದರೆ ಸಾಕ್ಸೂ ಬಿಡುವವಳು ನಾನು. ಮೊಳೆ ಇಲ್ಲ ಅಂದರೆ ಇಲ್ಲ. ಕ್ಯಾಲೆಂಡರು ಕೂಡ ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಇರುತ್ತಿತ್ತು. ಯಾರಾದರೂ ಬಂದರೆ ತಾರೀಕನ್ನು ಎತ್ತಿ ಬದಿಗಿಟ್ಟು ಅವರನ್ನು ಕೂರಿಸುತ್ತಿದ್ದೆವು.

ಸಂಜೆಯ ಜಪಸರವೂ ಅಡುಗೆಮನೆಯಲ್ಲೇ. ನಾವು ಮೂವರೂ ಫ್ರಿಜ್ಜಿನ ಮುಂದೆ ಮೊಣಕಾಲೂರಿ ಕೂರುವುದು. ಮಧ್ಯೆ ಫ್ರಿಜ್ಜಿನ ಮೋಟಾರು ಗುರ್ ಎಂದು ಶುರುವಾದರೆ ಯೇಸು ಸಣ್ಣಗೆ ನಡುಗುತ್ತಿದ್ದರು. ಮಗಳಿಗೆ ಅದು ಬಹಳ ಇಷ್ಟ. "ಮಮ್ಮಿ, ಜೀಸಸ್ ನಮ್ಮ ಪ್ರೇಯರ್ ಕೇಳಿದ್ರು" ಎನ್ನುತ್ತಿದ್ದಳು.

ಅವಳು ಎಲ್‌ಕೆಜಿಗೆ ಹೋಗುವಾಗ ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಊರಿನವರದ್ದೇ ಒಂದು ಬರ್ತ್‌ಡೇ. ಕೇಕು ಕತ್ತರಿಸುವ ಮೊದಲು ಮನೆಯವರು, "ಎಲ್ಲ ಮಕ್ಕಳೂ ಒಂದು ಪ್ರೇಯರ್ ಹೇಳುವಾ" ಎಂದರು. ಉಳಿದ ಮಕ್ಕಳೆಲ್ಲ ಹಾಲಿನ ಗೋಡೆಯಲ್ಲಿದ್ದ ಆಲ್ಟರಿನ ಕಡೆ ತಿರುಗಿದವು. ನನ್ನ ಮಗಳು ಯಾರಿಗೂ ಹೇಳದೆ ನೇರ ಅಡುಗೆಮನೆಗೆ ಹೋಗಿ ಅವರ ಫ್ರಿಜ್ಜಿನ ಮುಂದೆ ಮೊಣಕಾಲೂರಿ ಕೈ ಮುಗಿದಳು. ಹುಡುಕಿಕೊಂಡು ಹೋದವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಅವಳು ಪ್ರಾರ್ಥನೆ ಮುಗಿಸಿ, ಎದ್ದು, ಶಿಲುಬೆಯ ಗುರುತು ಮಾಡಿ, ಫ್ರಿಜ್ಜಿಗೆ ಒಂದು ಮುತ್ತು ಕೊಟ್ಟಳು.

ಮನೆಯಾಕೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು, "ಮಗುವಿಗೆ ಮನೆಯಲ್ಲಿ ಊಟ ಸರಿ ಕೊಡ್ತೀರಲ್ಲಾ?"

ಈ ಕಥೆ ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವರು ನಕ್ಕರು. ನಕ್ಕಾದ ಮೇಲೆ, "ಅಂದರೆ ಇನ್ನೂ ಗೋಡೆಗೆ ಹಾಕಲಿಲ್ಲ ಅಂತಾಯಿತು" ಎಂದರು. ಅದರ ನಂತರ ಪ್ರತಿ ಫೋನಿನಲ್ಲೂ ಮೊದಲ ಪ್ರಶ್ನೆ ಅದೇ. ನಾನು ಹೇಗಿದ್ದೇನೆ ಎನ್ನುವುದು ಎರಡನೆಯದು.

ಕೇಕಿನ ವಾಸನೆಯ ಬಾತ್‌ರೂಮು

ಫ್ಲಶ್ಶಿನ ಟ್ಯಾಂಕಿನ ಮುಚ್ಚಳವನ್ನು ನಮ್ಮವರು ಒಮ್ಮೆ ಒಡೆದು ಹಾಕಿದರು. ಅದರ ಮೇಲೆ ನಿಂತು ಜೇಡರಬಲೆ ತೆಗೆಯಲು ಹೋಗಿ ಆದದ್ದು. ಹಾಜಿಗೆ ಹೇಳಲು ಧೈರ್ಯ ಸಾಲದು. ಮನಾಮಾದ ಸೂಕು ಎಂಬ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಅಳತೆಯ ಮುಚ್ಚಳ ತಂದರು. ತಂದು ಇಟ್ಟರೆ ಹಳೇ ಟ್ಯಾಂಕಿನ ಮೇಲೆ ಅದೊಂದೇ ಹೊಳೆಯುತ್ತಿತ್ತು. ಹಾಜಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ.

ನಮ್ಮವರು ಬೇಕರಿಯವರಲ್ಲವಾ, ಬಣ್ಣ ಕೊಡುವುದು ಅವರಿಗೆ ಹೊಸತಲ್ಲ. ಚಾಯದ ಕಪ್ಪು ಡಿಕಾಕ್ಷನ್, ಕೋಕೋ ಪೌಡರು, ಸ್ವಲ್ಪ ಸಕ್ಕರೆ ಪಾಕ ಕುದಿಸಿ ಬ್ರಶ್ಶಿನಲ್ಲಿ ಮುಚ್ಚಳಕ್ಕೆ ಹಚ್ಚಿದರು. "ಸಕ್ಕರೆ ಯಾಕೆ?" ಎಂದು ಕೇಳಿದೆ. "ಇಲ್ಲದಿದ್ದರೆ ಹಿಡಿಯುವುದಿಲ್ಲ, ನಿನಗೆ ಗೊತ್ತಾಗುವುದಿಲ್ಲ" ಎಂದರು. ಒಪ್ಪಬೇಕು, ಒಣಗಿದ ಮೇಲೆ ಆ ಮುಚ್ಚಳ ಟ್ಯಾಂಕಿಗಿಂತ ಹಳತು ಕಂಡಿತು.

ಮಾರನೇ ದಿನ ಹಾಜಿ ನಲ್ಲಿಗೆಂದು ಬಂದರು. ನಲ್ಲಿ ಬಿಟ್ಟು ಮೂಗು ಎತ್ತಿ ಸುತ್ತ ನೋಡಿದರು. "ಇಲ್ಲಿ ಕೇಕಿನ ವಾಸನೆ."

"ಹೋಟೆಲಿನಿಂದ ಬಂದ ಕೂಡಲೇ ಇಲ್ಲಿಯೇ ಅಲ್ಲವಾ ಹಾಜಿ ನಾನು ಸ್ನಾನ ಮಾಡುವುದು" ಎಂದರು ನಮ್ಮವರು.

ಹಾಜಿ ತಲೆ ಆಡಿಸಿ ಹೋದರು. ಎರಡು ದಿನ ಕಳೆಯುವುದರೊಳಗೆ ಇರುವೆ ಬಂತು. ನೆಲದಿಂದ ಮೇಲೆ, ಟ್ಯಾಂಕಿನ ತನಕ ಒಂದೇ ಸಾಲು. ವಿಧಿಯಿಲ್ಲದೆ ನಾನೇ ಹಾಜಿಯನ್ನು ಕರೆದೆ. ಅವರು ಬಹಳ ಹೊತ್ತು ಆ ಸಾಲನ್ನೇ ನೋಡಿದರು. "ಸಿಸ್ಟರ್, ನನ್ನ ಬಿಲ್ಡಿಂಗಿನಲ್ಲಿ ಎಲ್ಲರ ಮನೆಗೂ ಇರುವೆ ಬರುತ್ತದೆ. ಆದರೆ ಎಲ್ಲರ ಮನೆಯಲ್ಲೂ ಅಡುಗೆಮನೆಗೆ ಬರುತ್ತದೆ" ಎಂದು ಹೇಳಿ ಗನ್ನು ತೆಗೆದು ಇರುವೆ ಬರುವ ದಾರಿಗೆ ಸಿಲಿಕಾನ್ ಹೊಡೆದರು.

ಯಾರದ್ದೂ ಅಲ್ಲದ ಮನೆ

ವರ್ಷಗಳು ಹೇಗೆ ಹೋದವೋ ಗೊತ್ತಾಗಲಿಲ್ಲ. ಮಗಳು ಕಾಲೇಜಿಗೆ ಹೋಗುವಷ್ಟಾದಳು, ಹಾಜಿಗೆ ಮೊಣಕಾಲು ಹಿಡಿದುಕೊಂಡಿತು. ಸನದ್ ಎನ್ನುವ ಊರಿನಲ್ಲಿ ಮನೆ ಕಟ್ಟಿದ್ದ ಅವರ ಮಗ, "ಅಲ್ಲಿ ಮೆಟ್ಟಿಲು ಸಾಕು, ಇಲ್ಲಿಗೆ ಬಂದುಬಿಡಿ" ಎಂದು ಕರೆಯುತ್ತಿದ್ದ. ಒಂದು ಸಂಜೆ ಹಾಜಿ ನೀರುದೋಸೆ ತಿನ್ನುತ್ತಾ, "ಸದೀಕ್, ಈ ಫ್ಲಾಟು ನೀನೇ ತೆಗೆದುಕೋ. ಹೊರಗಿನವನಿಗೆ ಕೊಡಲಿಕ್ಕೆ ನನಗೆ ಮನಸ್ಸಿಲ್ಲ" ಎಂದರು.

ನಮ್ಮಂಥ ಪರದೇಶಿಗಳಿಗೂ ಮನೆ ಕೊಳ್ಳಲು ಬಿಡುವ ಜಾಗ ಇಲ್ಲಿ ಕೆಲವೇ. ನಮ್ಮ ಪುಣ್ಯಕ್ಕೆ ಈ ಬಿಲ್ಡಿಂಗು ಅಂಥ ಕಡೆ ಉಂಟು. ಊರಲ್ಲಿ ಅಣ್ಣ, "ಅಲ್ಲಿ ಎಂತಕ್ಕೆ ಮನೆ, ಮಂಡೆ ಸಮ ಉಂಟಾ?" ಎಂದ. ನನ್ನ ಮಂಡೆಯಲ್ಲಿ ಇದ್ದದ್ದು ಒಂದೇ, ಹಾಲಿನ ದೊಡ್ಡ ಗೋಡೆ. ಅಮ್ಮನಿಗೆ ಎಂಬತ್ತು ದಾಟಿತ್ತು. ಅವರ ಕಣ್ಣು ಚೆನ್ನಾಗಿರುವಾಗಲೇ ಆ ಪಟವನ್ನು ಗೋಡೆಯಲ್ಲಿ ತೋರಿಸಬೇಕು. ನನಗೆ ಆ ಮನೆ ಬೇಕಿತ್ತು, ಅಷ್ಟೇ.

ಬ್ಯಾಂಕು, ಕಾಗದ, ಸಹಿ ಅಂತ ಎಲ್ಲ ಮುಗಿದು ನಮ್ಮ ಹೆಸರಿಗೆ ಆಗುವುದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ ಎಂದರು. ಆ ತಿಂಗಳುಗಳಲ್ಲಿ ನಮ್ಮ ಮನೆ ಅತ್ತ ಬಾಡಿಗೆಯೂ ಅಲ್ಲ, ಇತ್ತ ಸ್ವಂತವೂ ಅಲ್ಲ. ಆಗ ಹಾಜಿಯ ನಾಲಗೆಯೇ ತಿರುಗಿ ಹೋಯಿತು.

ಅಡುಗೆಮನೆ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಹಿಂದೆ ಇದನ್ನೇ ನೋಡಿ, "ನನ್ನ ಬಾಗಿಲಿಗೆ ಎಂತ ಮಾಡಿದಿರಿ?" ಎಂದು ಮುಖ ಕೆಂಪು ಮಾಡಿದ್ದವರು, ಈಗ ಬಾಗಿಲನ್ನು ಸವರಿ, "ನಿಮ್ಮ ಬಾಗಿಲು ಎಷ್ಟು ಗಟ್ಟಿ ನೋಡಿ ಸಿಸ್ಟರ್. ಕಳ್ಳ ಬಂದು ದೂಡಿದರೂ ಅಲ್ಲಾಡುವುದಿಲ್ಲ" ಎಂದರು.

"ಇದು ಅಡುಗೆಮನೆ ಬಾಗಿಲು ಹಾಜಿ. ಕಳ್ಳ ಇಲ್ಲಿಗೆ ಮುಟ್ಟುವಾಗ ಹಾಲಿನ ಸಾಮಾನೆಲ್ಲ ಖಾಲಿಯಾಗಿರುತ್ತದೆ."

"ದೋಸೆಯಾದರೂ ಉಳಿಯುತ್ತದಲ್ಲ" ಎಂದರು ಹಾಜಿ.

ನಮ್ಮವರೂ ಕಡಿಮೆಯಿಲ್ಲ. ಅಷ್ಟು ವರ್ಷ ಕದ್ದು ಮುಚ್ಚಿ ರಿಪೇರಿ ಮಾಡುತ್ತಿದ್ದ ಮನುಷ್ಯ, ಈಗ ಬಲ್ಬು ಹೋದರೂ ಹೋಗಿ ಹಾಜಿಯ ಬಾಗಿಲು ತಟ್ಟಿ, "ಕಾಗದ ಆಗುವ ತನಕ ಮನೆ ನಿಮ್ಮದೇ" ಎನ್ನುತ್ತಿದ್ದರು. ಹಾಜಿ, "ಕೈ ಕುಲುಕಿದ ದಿನದಿಂದ ಮನೆ ನಿನ್ನದೇ" ಎನ್ನುತ್ತಿದ್ದರು. ಇಬ್ಬರೂ ಮನೆಯನ್ನು ಒಬ್ಬರಿಗೊಬ್ಬರು ದಾನ ಮಾಡುವುದನ್ನು ನೋಡಿದರೆ ಯಾರಿಗಾದರೂ ಕಣ್ಣಲ್ಲಿ ನೀರು ಬರಬೇಕು. ನನಗೆ ಕತ್ತಲಲ್ಲಿ ನಡೆದು ಕಾಲಿಗೆ ಪೆಟ್ಟಾಗಿ ಬಂತು.

ಬಿಸಿ ಬಿಸಿ ಚಾಯ

ಆಗಸ್ಟಿನಲ್ಲಿ ಹಾಲಿನ ಎಸಿ ನಿಂತಿತು. ಬಹರೈನಿನ ಆಗಸ್ಟು ಗೊತ್ತಿಲ್ಲದವರಿಗೆ ಹೇಳುವುದಾದರೆ, ತಣ್ಣೀರಿನ ನಲ್ಲಿ ಬಿಟ್ಟರೆ ಅದರಲ್ಲೇ ಚಾಯ ಮಾಡಬಹುದು.

ಹಾಜಿ ಮೇಲೆ ಬಂದು ಸೋಫಾದಲ್ಲಿ ಕುಳಿತರು. ನಮ್ಮವರು ಎದುರು ಕುಳಿತರು. ಸಲಾಂ, ಕ್ಷೇಮಸಮಾಚಾರ, ಮೊಣಕಾಲಿನ ಸಮಾಚಾರ ಎಲ್ಲ ಆಯಿತು. ಆಮೇಲೆ ಶುರು.

"ಎಸಿ ನಿನ್ನದು ಸದೀಕ್."

"ಕಾಗದ ಆಗಲಿಲ್ಲ ಹಾಜಿ, ನಿಮ್ಮದು."

"ತಂಪು ತೆಗೆದುಕೊಳ್ಳುವುದು ಯಾರು? ನೀನು."

"ಬಾಡಿಗೆ ತೆಗೆದುಕೊಳ್ಳುವುದು ಯಾರು? ನೀವು."

ಸೆಕೆಗೆ ಇಬ್ಬರಿಗೂ ಮಂಡೆ ಬಿಸಿಯಾಗತೊಡಗಿತು. ಹಾಜಿ ಕೊನೆಗೆ, "ಎಸಿಗೇ ಹೀಗೆ ಜಗಳ ಮಾಡುವವನಿಗೆ ಮನೆ ಕೊಡಬೇಕಾ ಅಂತ ಯೋಚನೆ ಮಾಡ್ತೇನೆ" ಎಂದರು. ನಮ್ಮವರು, "ಯೋಚನೆ ಮಾಡಿ, ಬೇಡ ಅಂದರೆ ಬೇಡ" ಎಂದುಬಿಟ್ಟರು.

ಅಡುಗೆಮನೆಯಲ್ಲಿದ್ದ ನಾನು ಫ್ರಿಜ್ಜಿನ ಮೇಲೆ ನೋಡಿದೆ. ಇಷ್ಟು ವರ್ಷ ಕಾದು, ಒಂದು ಎಸಿಯಿಂದಾಗಿ ಇನ್ನು ಸಾಯುವ ತನಕ ಇಲ್ಲಿಯೇ ಕೂರಬೇಕಾ ಎಂದು ಯೇಸುವೇ ನನ್ನನ್ನು ಕೇಳಿದ ಹಾಗಾಯಿತು. ನನಗೆ ಸಿಟ್ಟು ಬಂದರೆ ಜೋರಾಗಿ ಮಾತಾಡುವುದಿಲ್ಲ, ಮರ್ಯಾದೆ ಕೊಡಲು ಶುರು ಮಾಡುತ್ತೇನೆ. ದೊಡ್ಡ ಲೋಟದಲ್ಲಿ ಕುದಿಯುವ ಚಾಯ ತಂದು ಇಬ್ಬರ ಕೈಗೂ ಕೊಟ್ಟೆ. ಅರಬ್ಬರಲ್ಲಿ ಕೊಟ್ಟದ್ದನ್ನು ಬಿಡುವ ಹಾಗಿಲ್ಲ, ನಮ್ಮಲ್ಲಿ ನೆಂಟರು ಕುಡಿಯುವಾಗ ಮನೆಯವರು ಕುಡಿಯದೆ ಇರುವ ಹಾಗಿಲ್ಲ. ಖಾಲಿಯಾದ ಕೂಡಲೇ ಇನ್ನೊಂದು ಲೋಟ ಕೊಟ್ಟೆ, ಶುಂಠಿ ಹಾಕಿ. ಆಮೇಲೆ ಬಿಸಿ ಬಿಸಿ ಗೋಳಿಬಜೆ, ಜೊತೆಗೆ ಹಸಿಮೆಣಸಿನ ಚಟ್ನಿ.

ಹಾಜಿ ತಲೆವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಸಿಸ್ಟರ್, ಸ್ವಲ್ಪ ತಣ್ಣೀರು?"

"ಮೊದಲು ಯಾರು ಎಸಿ ಮಾಡಿಸುವುದು ಅಂತ ಆಗಲಿ ಹಾಜಿ. ಮತ್ತೊಂದು ಚಾಯ ಇಡ್ತೇನೆ."

ಇಬ್ಬರೂ ಒಂದೇ ಸಲ ಎದ್ದು ನಿಂತರು. "ಅರ್ಧ ನಾನು" ಎಂದರು ಹಾಜಿ. "ಅರ್ಧ ನಾನು" ಎಂದರು ನಮ್ಮವರು. ಮೆಕ್ಯಾನಿಕ್ಕನನ್ನು ಕರೆಸಿದ್ದಾಯಿತು. ಅವನು ಒಳಗೆ ನೋಡಿದ, ಟೆರೇಸಿಗೆ ಹೋಗಿ ನೋಡಿದ, ಕೆಳಗೆ ಮೀಟರ್ ಬೋರ್ಡಿನ ಹತ್ತಿರ ಹೋಗಿ ಒಂದು ಸ್ವಿಚ್ಚು ಮೇಲೆ ಮಾಡಿದ. ಎಸಿ ಶುರುವಾಯಿತು. ಸ್ವಿಚ್ಚು ಬಿದ್ದದ್ದು ಅಷ್ಟೇ.

ಬಿಲ್ಡಿಂಗಿನ ವಾಚ್‌ಮನ್, ಇಲ್ಲಿ ನಾತೂರು ಅನ್ನುತ್ತಾರೆ, ಅಲ್ಲಿಯೇ ನಿಂತಿದ್ದ. ಹಾಜಿ ಅವನಿಗೆ, "ಸ್ವಿಚ್ಚು ಬಿದ್ದದ್ದು ನೀನು ನೋಡಲಿಲ್ಲವಾ?" ಎಂದು ಕೇಳಿದರು.

"ಬೆಳಿಗ್ಗೆಯೇ ನೋಡಿದೆ ಹಾಜಿ. ಆದರೆ ಮನೆ ಈಗ ಯಾರದ್ದು ಅಂತ ನೀವಿಬ್ಬರೂ ತೀರ್ಮಾನ ಮಾಡಲಿಲ್ಲ ಅಲ್ಲವಾ. ಯಾರ ಹತ್ತಿರ ಕೇಳಿ ಎತ್ತಲಿ?"

ದೂರು ಹೇಳಲು ಯಾರೂ ಇಲ್ಲ

ಚಳಿಗಾಲಕ್ಕೆ ಕಾಗದ ನಮ್ಮ ಹೆಸರಿಗೆ ಬಂತು. ಹಾಜಿ ಸನದಿಗೆ ಹೊರಟರು. ಹೊರಡುವ ದಿನ ಮೂರು ಮಾಳಿಗೆ ಹತ್ತಿ ಬಂದು, ಪ್ರತಿ ರೂಮಿನಲ್ಲಿ ಒಂದೊಂದು ನಿಮಿಷ ನಿಂತು, ತಾವೇ ಸಿಲಿಕಾನ್ ಹೊಡೆದ ಕಿಟಕಿಯನ್ನು ತೆರೆಯಲು ನೋಡಿ, ಆಗದೆ, ನಕ್ಕರು. "ಇನ್ನು ಎಂತ ಹಾಳಾದರೂ ನನಗೆ ಫೋನ್ ಮಾಡಬಾರದು ಸದೀಕ್. ಮನೆ ನಿನ್ನದು, ಜವಾಬ್ದಾರಿ ನಿನ್ನದು" ಎಂದರು. ನಮ್ಮವರು ಕೈ ಕುಲುಕಿದರು. ಹಾಜಿ ಅವರ ಭುಜ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ನಾನು ಒಳಗೆ ಹೋಗಿ ಅತ್ತೆ. ಮನೆ ಸಿಕ್ಕಿದ ದಿನ ಅಳುವುದು ಎಂತದಕ್ಕೆ ಎಂದು ಮಗಳಿಗೆ ಅರ್ಥವಾಗಲಿಲ್ಲ.

ಸ್ವಂತ ಮನೆಯ ಸುಖ ಒಂದು ವಾರ ಇತ್ತು. ಎಂಟನೇ ದಿನ ನಲ್ಲಿ ತೊಟ್ಟಿಕ್ಕಿತು. ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಪಾರ್ಟಿ, ಓನರ್ ಎದುರು ಪಾರ್ಟಿ. ಈಗ ಎದುರು ಪಾರ್ಟಿಯೇ ಇಲ್ಲ. ನಾನು ರೂಢಿಯಂತೆ, "ಈ ಓನರಿಗೆ ಎಷ್ಟು ಸಲ ಹೇಳುವುದು" ಎಂದು ಗೊಣಗಿದರೆ ನಮ್ಮವರು ಪೇಪರು ಕೆಳಗಿಟ್ಟು, "ಎಷ್ಟು ಸಲ ಹೇಳಿದೆ ನನಗೆ? ಒಂದು ಸಲ" ಎಂದರು. ನಾನು ಮೇಜಿನ ಮೇಲಿದ್ದ ಕಾಗದ ತೋರಿಸಿದೆ. ಓನರ್ ಎಂದು ಅದರಲ್ಲಿ ಮೊದಲು ಇರುವುದು ನನ್ನ ಹೆಸರು. "ನೀವು ಬಾಡಿಗೆಯವರ ಹಾಗೆ ಇರಿ, ಸಾಕು" ಎಂದೆ.

ಗೋಡೆಗೆ ಏರಿದ ದಿನ

ಮನೆ ಆಶೀರ್ವಾದಕ್ಕೆ ಶುಕ್ರವಾರ ಸಂಜೆ ಫಾದರ್ ಬರುತ್ತೇನೆ ಎಂದರು. ಅಮ್ಮ ಊರಿನಿಂದ ವಿಡಿಯೋ ಕಾಲಿನಲ್ಲಿ ಕೂರುವುದು ಎಂದಾಯಿತು. ಒಳ್ಳೆಯ ಸೀರೆ ಉಟ್ಟು ಮಧ್ಯಾಹ್ನದಿಂದಲೇ ಫೋನಿನ ಮುಂದೆ ಕುಳಿತಿದ್ದಾರೆ ಅಂತ ಅಣ್ಣ ಹೇಳಿದ. ಫಾದರ್ ಬರುವ ಮೊದಲು ಪಟ ಗೋಡೆಯಲ್ಲಿ ಇರಬೇಕು.

ನಾನು ಹದಿನೆಂಟು ವರ್ಷದಿಂದ ನೋಡಿಟ್ಟ ಜಾಗವನ್ನು ತೋರಿಸಿದೆ, ಹಾಲಿನ ದೊಡ್ಡ ಗೋಡೆಯ ಸರಿ ಮಧ್ಯೆ. ನಮ್ಮವರು ನಾತೂರನ ಡ್ರಿಲ್ಲು ತಂದರು. ಆದರೆ ಕೈ ಮುಂದೆ ಹೋಗುತ್ತಿಲ್ಲ. "ಹಾಜಿಗೆ ಒಂದು ಮಾತು ಕೇಳುವುದಾ?" ಎಂದರು.

"ಓನರ್ ಹೇಳ್ತಾ ಇದ್ದೇನೆ, ಹೊಡೀರಿ" ಎಂದೆ.

ಹೊಡೆದರು. ಮೊದಲು ಸುಣ್ಣದ ಪುಡಿ ಬಂತು, ಆಮೇಲೆ ನೀರು ಬಂತು. ಗೋಡೆಯೊಳಗಿನ ಪೈಪಿಗೇ ಸರಿಯಾಗಿ ತೂತು. ನೀರು ಹಾರಿ ಸೋಫಾದ ಮೇಲೆ, ಟೀವಿಯ ಮೇಲೆ, ಇಸ್ತ್ರಿ ಮಾಡಿದ ನನ್ನ ಸೀರೆಯ ಮೇಲೆ. ಮಗಳು ಬಕೆಟ್ ತಂದಳು. ನಾನು ತೂತಿಗೆ ಹೆಬ್ಬೆರಳು ಒತ್ತಿ ನಿಂತೆ. ರಕ್ತ ನಿಲ್ಲಿಸಿ ಅಭ್ಯಾಸ, ನೀರು ನಿಲ್ಲಲಿಲ್ಲ. ನಮ್ಮವರು ಹನಿ ತೊಟ್ಟಿಕ್ಕುವ ಕೈಯಲ್ಲೇ ಫೋನ್ ತೆಗೆದು ನಂಬರು ಒತ್ತಿದರು. ಯಾರಿಗೆಂದು ನಾನು ಕೇಳಲಿಲ್ಲ.

"ಹಾಜಿ, ನಿಮ್ಮ ಗೋಡೆಯಿಂದ ನೀರು ಬರ್ತಾ ಉಂಟು."

ಆ ಕಡೆಯಿಂದ, "ಯಾರ ಗೋಡೆಯಿಂದ?" ಎಂದು ಕೇಳಿಸಿತು.

ಸನದಿನಿಂದ ಇಲ್ಲಿಗೆ ಹಾಜಿ ಕಾರು ಹೇಗೆ ಓಡಿಸಿದರೋ ದೇವರಿಗೇ ಗೊತ್ತು. ಫಾದರ್ ಮತ್ತು ಹಾಜಿ ಒಟ್ಟಿಗೇ ಮೆಟ್ಟಿಲು ಹತ್ತಿ ಬಂದರು. ಒಬ್ಬರ ಕೈಯಲ್ಲಿ ತೀರ್ಥದ ಬಾಟಲಿ, ಇನ್ನೊಬ್ಬರ ಕೈಯಲ್ಲಿ ಅದೇ ಹಳೇ ಚೀಲ. ಹಾಜಿ ಯಾರನ್ನೂ ಮಾತಾಡಿಸದೆ ಅಡುಗೆಮನೆಗೆ ಹೋಗಿ, ಸಿಂಕಿನ ಕೆಳಗೆ ಕೈ ಹಾಕಿ ವಾಲ್ವು ತಿರುಗಿಸಿದರು. ನೀರು ನಿಂತಿತು. ತೂತಿಗೆ ಸಿಲಿಕಾನ್ ಹೊಡೆದರು. ಫಾದರ್ ಒದ್ದೆ ನೆಲ, ಒದ್ದೆ ಸೋಫಾ, ಒದ್ದೆ ನಮ್ಮನ್ನೆಲ್ಲ ನೋಡಿ ತಮ್ಮ ಬಾಟಲಿಯನ್ನು ನೋಡಿಕೊಂಡು, "ನಾನು ಬರುವ ಮೊದಲೇ ಮಾಡಿಬಿಟ್ಟಿರಾ?" ಎಂದು ಕೇಳಿದರು.

ಹಾಜಿ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. "ಇಲ್ಲಿ ಎಂತ ಹಾಕಲಿಕ್ಕಿತ್ತು ಸಿಸ್ಟರ್?"

ನಾನು ಫ್ರಿಜ್ಜಿನ ಮೇಲಿನ ಪಟ ತೋರಿಸಿದೆ. "ಇಷ್ಟು ವರ್ಷ ಅಲ್ಲಿಯೇ ಇತ್ತಲ್ಲ ಇದು," ಎಂದರು. "ನಾನು ನಿಮ್ಮಲ್ಲಿ ಪದ್ಧತಿಯೇ ಹಾಗೆ ಅಂದುಕೊಂಡಿದ್ದೆ. ಗೋಡೆಗೆ ಯಾಕೆ ಹಾಕಲಿಲ್ಲ?"

"ನೀವೇ ಹೇಳಿದ್ದಲ್ಲವಾ ಹಾಜಿ, ಬೀಗದ ಕೈ ಕೊಟ್ಟ ದಿನ. ಮೊಳೆ ಇಲ್ಲ ಅಂತ."

ಹಾಜಿ ನನ್ನನ್ನೇ ನೋಡಿದರು. "ಸಿಸ್ಟರ್, ಅದು ನಾನು ಎಲ್ಲ ಬಾಡಿಗೆಯವರಿಗೂ ಹೇಳ್ತೇನೆ. ಓನರ್ ಅಂದ ಮೇಲೆ ಏನಾದರೂ ಹೇಳಬೇಕಲ್ಲ. ಇದೇ ಬಿಲ್ಡಿಂಗಿನಲ್ಲಿ ಒಬ್ಬೊಬ್ಬರ ಗೋಡೆ ನೋಡಿ, ಮೊಳೆ ಬಿಟ್ಟು ಬೇರೆ ಎಂತದ್ದೂ ಇಲ್ಲ. ನೀವು ಆ ಮಾತನ್ನು ನಿಜವಾಗಿ ಕೇಳಿದಿರಾ?"

ಹದಿನೆಂಟು ವರ್ಷ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಮಗಳು ಫೋನ್ ಹಿಡಿದು ಬಂದಳು, "ಮಮ್ಮಿ, ಅಜ್ಜಿ ಈಸ್ ವೇಟಿಂಗ್." ಇನ್ನೊಮ್ಮೆ ಡ್ರಿಲ್ ಹಿಡಿಯಲು ನಮ್ಮವರಿಗೆ ಧೈರ್ಯವಿಲ್ಲ, ನನಗೂ ಇಲ್ಲ. ಹಾಜಿ ಯೋಚಿಸಿದರು. "ಮೊಳೆ ಯಾಕೆ?" ಎಂದು ಗನ್ನು ತೆಗೆದು ಪಟದ ಹಿಂದುಗಡೆ ನಾಲ್ಕೂ ಬದಿಗೆ, ಮಧ್ಯೆ, ಮೂಲೆಗೆ, ಇದ್ದಬದ್ದ ಸಿಲಿಕಾನ್ ಎಲ್ಲ ಹೊಡೆದರು. "ಸದೀಕ್, ಗೋಡೆಗೆ ಒತ್ತಿ ಹಿಡಿ. ಒಣಗುವ ತನಕ ಕೈ ಬಿಡಬಾರದು."

ನಮ್ಮವರು ಸ್ಟೂಲಿನ ಮೇಲೆ ಹತ್ತಿ, ಎರಡೂ ಕೈ ಚಾಚಿ, ಬೀಳಬಾರದೆಂದು ಕೆನ್ನೆಯನ್ನೂ ಒತ್ತಿ ನಿಂತರು. ಫಾದರ್ ಪ್ರಾರ್ಥನೆ ಶುರು ಮಾಡಿದರು. ಮಗಳು ಫೋನನ್ನು ಗೋಡೆಯ ಕಡೆ ತಿರುಗಿಸಿದಳು.

ಪ್ರಾರ್ಥನೆ ಮುಗಿಯಿತು, ತೀರ್ಥ ಚಿಮುಕಿಸಿದ್ದಾಯಿತು, ಸ್ತುತಿಗೀತೆಯೂ ಆಯಿತು. ನಮ್ಮವರು ಹಾಗೆಯೇ. ಫೋನಿನಲ್ಲಿ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಗೋಡೆಯಲ್ಲಿ ನೋಡಿದೆ, ನನಗೆ ಸಾಕು" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಅಳಿಯನಿಗೆ ಇಷ್ಟು ಭಕ್ತಿ ಯಾವಾಗ ಬಂತು? ಯೇಸುವನ್ನು ಅಪ್ಪಿಕೊಂಡವರು ಬಿಡುತ್ತಲೇ ಇಲ್ಲವಲ್ಲ" ಎಂದರು.

ನಮ್ಮವರು ಕೆನ್ನೆ ತೆಗೆಯದೆ, ತುಟಿಯ ಬದಿಯಿಂದ ಮೆಲ್ಲಗೆ ಕೇಳಿದರು, "ಹಾಜಿ, ಇನ್ನು ಕೈ ಬಿಡಬಹುದಾ?"

ಹಾಜಿ ಆಗಲೇ ಒದ್ದೆಯಿಲ್ಲದ ಒಂದು ಕುರ್ಚಿ ಹುಡುಕಿ, ಅದರ ಮೇಲಿದ್ದ ಕ್ಯಾಲೆಂಡರನ್ನು ಬದಿಗಿಟ್ಟು ಕುಳಿತಿದ್ದರು. ನಾನು ಕೊಟ್ಟ ಚಾಯ ಒಂದು ಗುಟುಕು ಕುಡಿದರು.

"ಮನೆ ಯಾರದು ಸದೀಕ್?"

"ನಮ್ಮದು ಹಾಜಿ."

"ಮತ್ತೆ ನನ್ನ ಹತ್ತಿರ ಎಂತ ಕೇಳುವುದು? ಹಿಡ್ಕೋ."